ಬೆಳಿಗ್ಗೆ ತಂದೆ, ಮಧ್ಯಾಹ್ನ ಸೋದರಮಾವ

ಮಕ್ಕಳು ಯಾರ ಹತ್ತಿರ ಇರಬೇಕು ಎಂಬ ತಕರಾರು ಕೋರ್ಟಿಗೆ ಬಂತೆಂದರೆ, ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಮಕ್ಕಳಾಗಿಬಿಡುತ್ತಾರೆ. ಮಂಗಳೂರಿನಲ್ಲಿ ವಕೀಲಿ ಮಾಡಿಯೇ ತಲೆ ನರೆಸಿಕೊಂಡ ನನಗೆ ಇಂಥವು ವರ್ಷಕ್ಕೊಂದಾದರೂ ಗಂಟು ಬೀಳುತ್ತಿದ್ದವು. ಮೊಮ್ಮಗನನ್ನು ಅಟ್ಟದಲ್ಲಿ ಅಡಗಿಸಿಟ್ಟು, ಹುಡುಕಲು ಬಂದವರ ಜೊತೆ ತಾನೂ ಅಳುತ್ತಾ ಹುಡುಕಿದ ಅಜ್ಜಿಯನ್ನು ನೋಡಿದ್ದೇನೆ. ಆದರೆ ಬ್ರಿಟಿಷರ ಕಾಲದಲ್ಲಿ, ನಾನು ಹೊಸದಾಗಿ ಕರಿಕೋಟು ಹಾಕಿಕೊಂಡು ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದ್ದಾಗ ನಡೆದ ಒಂದು ಕೇಸಿನ ಮುಂದೆ ಉಳಿದವೆಲ್ಲ ಸಪ್ಪೆ.

ಕೇಸಿಗೆ ಮೊದಲು ನಮ್ಮ ಕಡೆಯ ಅಳಿಯಸಂತಾನ ಪದ್ಧತಿಯ ಬಗ್ಗೆ ಎರಡು ಮಾತು. ಅದರಲ್ಲಿ ಮನೆ, ಆಸ್ತಿ, ಹೆಸರು ಎಲ್ಲ ತಾಯಿಯ ಕಡೆಯಿಂದ. ಮಗು ಅಮ್ಮ ಹುಟ್ಟಿದ ಮನೆಗೆ ಸೇರಿದ್ದು, ಅದರ ಯಜಮಾನ ಸೋದರಮಾವ. ಅಪ್ಪ ಅನ್ನುವವನಿಗೆ ತನ್ನ ತಂಗಿಯ ಮಕ್ಕಳ ಮೇಲೆ ಇರುವ ಅಧಿಕಾರ ತನ್ನ ಸ್ವಂತ ಮಕ್ಕಳ ಮೇಲೆ ಇಲ್ಲ. ಇಷ್ಟು ತಿಳಿದರೆ ಸಾಕು. ನಮ್ಮ ಜಡ್ಜರಿಗೆ ಇಷ್ಟು ತಿಳಿಯಲು ಒಂದು ಮಳೆಗಾಲವೇ ಹಿಡಿಯಿತು.

೧. ಎರಡು ಕೇಸಿನ ಕಕ್ಷಿಗಾರ

ಮಂಗಳೂರಿನ ಈ ತುದಿಯ ಜೆಪ್ಪಿನ ಒಂದು ಮನೆಯ ಯಜಮಾನರೂ ಆ ತುದಿಯ ದೇರೆಬೈಲಿನ ಒಂದು ಮನೆಯ ಯಜಮಾನರೂ ಬಹಳ ದೋಸ್ತಿ. ದೋಸ್ತಿ ಎಷ್ಟು ಗಟ್ಟಿ ಅಂದರೆ ಇವರ ತಂಗಿಯನ್ನು ಅವರು, ಅವರ ತಂಗಿಯನ್ನು ಇವರು ಮದುವೆಯಾಗಿದ್ದರು. ಹೀಗೆ ಇಬ್ಬರೂ ಎರಡು ಕಡೆಯಿಂದ ಭಾವಂದಿರು. ಜೆಪ್ಪಿನವರಿಗೆ ಒಬ್ಬಳು ಮಗಳು, ದೇರೆಬೈಲಿನವರಿಗೆ ಒಬ್ಬ ಮಗ. ಹೆಂಡಿರು ಮಕ್ಕಳೆಲ್ಲ ಗಂಡಂದಿರ ಮನೆಯಲ್ಲೇ ಸುಖವಾಗಿದ್ದರು.

ಹೀಗಿರುವಾಗ ದೇರೆಬೈಲಿನ ಒಂದು ಔತಣದಲ್ಲಿ ಜೆಪ್ಪಿನವರ ಎಲೆಗೆ ದೊಡ್ಡವರಿಗೆ ಸಲ್ಲುವ ತಲೆಯ ಬದಲು ಅಂಜಲ್ ಮೀನಿನ ಬಾಲದ ತುಂಡು ಬಿತ್ತು. ಬಡಿಸಿದವನು ಕಣ್ಣು ಕಾಣದ ಮುದುಕ. ಆದರೂ ಜೆಪ್ಪಿನವರು ಎಲೆ ಮಡಚಿ ಎದ್ದರು. ಎದ್ದವರು ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. "ಈ ಮನೆಯಲ್ಲಿ ಮೀನಿಗೆ ತಲೆ ಇಲ್ಲ, ಯಜಮಾನನಿಗೂ ಇಲ್ಲ" ಅಂದುಬಿಟ್ಟರು. ಮರುವಾರ ದೇರೆಬೈಲಿನವರಿಂದ ನೋಟೀಸು ಬಂತು: ನನ್ನ ತಂಗಿಯ ಮಗಳು ಕಟ್ಟಳೆಯಂತೆ ನಮ್ಮ ಮನೆಯ ಹುಡುಗಿ. ನಮ್ಮಲ್ಲಿ ಬೇರೆ ಹೆಣ್ಣುಸಂತಾನವಿಲ್ಲ. ಅವಳನ್ನು ನನ್ನ ವಶಕ್ಕೆ ಕೊಡತಕ್ಕದ್ದು.

ಜೆಪ್ಪಿನವರು ನಮ್ಮ ಆಫೀಸಿಗೆ ಬಂದಾಗ ಅವರ ಗಿರಿಜಾ ಮೀಸೆ ಜೋತುಬಿದ್ದಿತ್ತು. ಒಕ್ಕಲುಗಳು ಹೆಸರು ಕೇಳಿದರೆ ಓಣಿ ಬದಲಿಸುವಂಥ ಆಸಾಮಿ ಬೆಂಚಿನ ಮೇಲೆ ಕೂತು ಬಿಕ್ಕಿದರು. "ಅವಳ ಜಡೆ ದಿನಾ ನಾನೇ ಹಾಕುವುದು ವಕೀಲರೇ. ಅವಳಮ್ಮ ಹಾಕಿದ್ರೆ ಅವಳಿಗೆ ಆಗುದಿಲ್ಲ. ಮಗಳು ಆಚೆ ಹೋದ್ರೆ ನಾನು ಬೆಳಿಗ್ಗೆ ಎದ್ದು ಎಂತ ಮಾಡುವುದು?"

ನಮ್ಮ ಹಿರಿಯ ವಕೀಲರು, "ಹೆದರಬೇಡಿ, ತಂದೆಯ ಹಕ್ಕೇ ದೊಡ್ಡದು ಅಂತ ವಾದಿಸುವ" ಎಂದರು.

ಜೆಪ್ಪಿನವರು ಕಣ್ಣೊರೆಸಿ ಮೀಸೆ ತೀಡಿದರು. "ಇನ್ನೊಂದು ಕೇಸು ಹಾಕ್ಲಿಕ್ಕುಂಟು. ದೇರೆಬೈಲಿನಲ್ಲಿರುವ ಹುಡುಗ ನನ್ನ ತಂಗಿಯ ಮಗ ಅಲ್ವಾ? ಕಟ್ಟಳೆ ಪ್ರಕಾರ ಅವನು ನನ್ನ ಮನೆಯವ. ಅವನನ್ನು ನನಗೆ ಕೊಡಿಸಿ."

"ಮಾರಾಯ್ರೇ, ಒಂದರಲ್ಲಿ ಅಪ್ಪನ ಹಕ್ಕೇ ದೊಡ್ಡದು ಅನ್ನಬೇಕು, ಇನ್ನೊಂದರಲ್ಲಿ ಅಪ್ಪನಿಗೆ ಹಕ್ಕೇ ಇಲ್ಲ ಅನ್ನಬೇಕು. ಎರಡೂ ಹೇಗೆ ಆಗ್ತದೆ?"

"ಅದಕ್ಕೇ ಅಲ್ವಾ ನಿಮ್ಮ ಹತ್ತಿರ ಬಂದದ್ದು? ಒಂದೇ ಆಗಿದ್ರೆ ನಾನೇ ಹೋಗಿ ಹೇಳ್ತಿದ್ದೆ."

೨. ಐದು ಮಕ್ಕಳ ತಂದೆ

ಜಡ್ಜರು ಮದ್ರಾಸಿನ ಆಚೆಯಿಂದ ಆಗಷ್ಟೇ ವರ್ಗವಾಗಿ ಬಂದವರು. ಒಳ್ಳೆಯ ಮನುಷ್ಯ, ತಾಳ್ಮೆ ಬೇಕಾದಷ್ಟು. ಅಪ್ಪನದೆಲ್ಲ ಮಗನಿಗೆ ಎಂಬ ಲೆಕ್ಕದಲ್ಲಿ ಬೆಳೆದವರು ಅವರು. ನಮ್ಮ ಕಟ್ಟಳೆ ಅವರ ತಲೆಗೆ ಇಳಿಯಲೊಲ್ಲದು. ಇದನ್ನು ತಿಳಿಸಲೆಂದು ದೇರೆಬೈಲಿನವರು ಕಂಕನಾಡಿಯಿಂದ ಒಬ್ಬ ಮುದುಕರನ್ನು ಸಾಕ್ಷಿಗೆ ಕರೆತಂದರು. ಮುದುಕರ ತುಳುವನ್ನು ದುಭಾಷಿ ಇಂಗ್ಲಿಷಿಗೆ ಹೊರಳಿಸುತ್ತಿದ್ದ.

ಜಡ್ಜರು ಸಲೀಸಾದ ಪ್ರಶ್ನೆಯಿಂದಲೇ ಶುರು ಮಾಡಿದರು. "ನಿಮಗೆ ಮಕ್ಕಳೆಷ್ಟು?"

"ನನಗೆ ಮಕ್ಕಳಿಲ್ಲ ಸ್ವಾಮಿ. ಹೆಂಡತಿಗೆ ಐದು."

ಜಡ್ಜರು ಪೆನ್ನು ಕೆಳಗಿಟ್ಟರು. ದುಭಾಷಿಯನ್ನು ದುರುಗುಟ್ಟಿ ನೋಡಿದರು. ಅವನು, ತಾನು ಸರಿಯಾಗಿಯೇ ಹೇಳಿದ್ದೇನೆ ಎಂಬಂತೆ ಎದೆ ಮುಟ್ಟಿಕೊಂಡ.

"ಆ ಐದು ಮಕ್ಕಳ ತಂದೆ ಯಾರು?" ಜಡ್ಜರ ಧ್ವನಿ ಬಹಳ ಮೆತ್ತಗಾಗಿತ್ತು.

"ನಾನೇ. ಇನ್ಯಾರು?" ಮುದುಕರಿಗೆ ಸಿಟ್ಟು ಬಂತು.

"ಹಾಗಾದರೆ ಅವರು ನಿಮ್ಮ ಮಕ್ಕಳಲ್ಲವೇ?"

"ಅವರು ಅವರ ಸೋದರಮಾವನ ಮನೆಯವರು. ಅನ್ನ ಹಾಕುವುದು ಅವನು. ನನ್ನ ಮನೆಯವರು ಅಂದರೆ ನನ್ನ ತಂಗಿಯ ಮಕ್ಕಳು. ಅವರಿಗೆ ನಾನು ಹಾಕ್ತೇನೆ."

"ಅವರಿಗೂ ಒಬ್ಬ ತಂದೆ ಇರಬೇಕಲ್ಲ?"

"ಉಂಟು. ಅವನು ಅವನ ತಂಗಿಯ ಮಕ್ಕಳಿಗೆ ಹಾಕ್ತಾನೆ."

ಜಡ್ಜರು ಹಣೆ ಒತ್ತಿಕೊಂಡರು. "ಈ ಜಿಲ್ಲೆಯಲ್ಲಿ ತನ್ನ ಮಕ್ಕಳಿಗೆ ತಾನೇ ಅನ್ನ ಹಾಕುವವನು ಒಬ್ಬನಾದರೂ ಇದ್ದಾನೆಯೇ?"

ಮುದುಕರು ಅನುಕಂಪದಿಂದ ನೋಡಿದರು. "ಯಾಕೆ ಸ್ವಾಮಿ ಚಿಂತೆ? ಎಲ್ಲರ ಮಕ್ಕಳೂ ಉಣ್ತಾರಲ್ಲ!"

೩. ಊಟದ ಬಿಡುವಿನಲ್ಲಿ ಬದಲಾದ ಕಾನೂನು

ಎರಡು ಅರ್ಜಿಗಳೂ ಒಂದೇ ದಿನ ವಾದಕ್ಕೆ ಬಂದವು. ಬೆಳಿಗ್ಗೆ ಹುಡುಗಿಯದು, ಮಧ್ಯಾಹ್ನ ಹುಡುಗನದು.

ಬೆಳಿಗ್ಗೆ ನಮ್ಮ ಹಿರಿಯರು ತಂದೆಯ ಪರವಾಗಿ ನಿಂತು ಮಾತಾಡಿದ್ದನ್ನು ಕೇಳಿದರೆ ಕಲ್ಲೂ ಕರಗಬೇಕು. "ತಂದೆಯ ಎದೆಯಿಂದ ಮಗುವನ್ನು ಕೀಳುವ ಕಟ್ಟಳೆ ಕಟ್ಟಳೆಯೇ ಅಲ್ಲ" ಎಂದರು. ಜೆಪ್ಪಿನವರು ಹಿಂದಿನ ಬೆಂಚಿನಲ್ಲಿ ಗೊಳೋ ಎಂದು ಅತ್ತರು. ಎದುರಾಳಿ ವಕೀಲರು ಎದ್ದು, "ನಮ್ಮ ನಾಡಿನಲ್ಲಿ ಅಪ್ಪ ಅಂದರೆ ಸಂಜೆ ಊಟಕ್ಕೆ ಬರುವ ನೆಂಟ. ನೆಂಟನಿಗೆ ಮರ್ಯಾದೆ ಉಂಟು, ಅಧಿಕಾರ ಇಲ್ಲ" ಎಂದರು.

ಊಟದ ಬಿಡುವಿನಲ್ಲಿ ಇಬ್ಬರು ವಕೀಲರೂ ಒಂದೇ ಹೋಟೆಲಿನಲ್ಲಿ ಕೂತು, ನಗುನಗುತ್ತಾ ಕಾನೂನು ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡರು. ಹಾಳೆ ಮಡಚಿ ಗುರುತು ಹಾಕುವ ಕೆಲಸವೂ ಉಳಿಯಿತು.

ಮಧ್ಯಾಹ್ನ ನಮ್ಮ ಹಿರಿಯರು ಸೋದರಮಾವನ ಪರ. "ಅಪ್ಪ ಅಂದರೆ ಯಾರು? ಸಂಜೆ ಊಟಕ್ಕೆ ಬರುವ ನೆಂಟ!" ಎಂದು ಮೇಜು ಗುದ್ದಿದರು. ಬೆಳಿಗ್ಗೆ ಗೊಳೋ ಎಂದಿದ್ದ ಜೆಪ್ಪಿನವರು ಈಗ, "ಹೌದು, ಸರಿಯಾಗಿ ಹೇಳಿದಿರಿ!" ಎಂದು ಕೂಗಿ ಜವಾನನಿಂದ ಬೈಸಿಕೊಂಡರು. ಎದುರಾಳಿ ವಕೀಲರು ತಂದೆಯ ಎದೆಯ ಮಾತು ಎತ್ತಿಕೊಂಡರು. ಅಳುವ ಸರದಿ ದೇರೆಬೈಲಿನವರದು. ಅವರು ಜೆಪ್ಪಿನವರಷ್ಟು ಚೆನ್ನಾಗಿ ಅಳಲಿಲ್ಲ ಎಂದು ನಮ್ಮ ಕಕ್ಷಿಗಾರರಿಗೆ ಬಹಳ ಸಮಾಧಾನವಾಯಿತು.

ಜಡ್ಜರು ನಮ್ಮ ಹಿರಿಯರನ್ನು ತಡೆದರು. "ತಂದೆಯ ಹಕ್ಕಿನ ಬಗ್ಗೆ ಬೆಳಿಗ್ಗೆ ನೀವೇ ಹೇಳಿದಿರಲ್ಲ, ಅದಕ್ಕೆ ಈಗ ನಿಮ್ಮ ಉತ್ತರವೇನು?"

"ಅದಕ್ಕೆ ನನ್ನ ವಿದ್ವಾಂಸ ಮಿತ್ರರು ಬೆಳಿಗ್ಗೆಯೇ ಉತ್ತರ ಕೊಟ್ಟಿದ್ದಾರೆ ಸ್ವಾಮಿ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ."

"ಹಾಗಾದರೆ ನಿಮ್ಮಲ್ಲಿ ಒಬ್ಬರು ಸಾಕಿತ್ತು. ಇನ್ನೊಬ್ಬರು ಯಾಕೆ ಬಂದಿರಿ?" ಎಂದರು ಜಡ್ಜರು. ಇಬ್ಬರೂ ಪರಸ್ಪರ ಕೈತೋರಿಸಿದರು.

೪. ವಕೀಲರ ಜುಟ್ಟು

ಹುಡುಗಿಯ ಮನಸ್ಸು ತಿಳಿಯೋಣವೆಂದು ಜಡ್ಜರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಏಳು ವರ್ಷದ ಚೂಟಿ. ಎರಡು ಜಡೆ, ಎರಡಕ್ಕೂ ಅಬ್ಬಲಿಗೆ ಹೂ. ಎರಡೂ ಕಡೆಯ ವಕೀಲರು, ಇಬ್ಬರು ಭಾವಂದಿರು, ದುಭಾಷಿ, ನಾನು ಎಲ್ಲ ಗೋಡೆಗೆ ಒತ್ತಿ ನಿಂತೆವು.

"ಮಗೂ, ನಿನಗೆ ಮಾವನ ಮನೆಗೆ ಹೋಗಿರಲು ಇಷ್ಟವೇ?"

ಅವಳು ಯೋಚಿಸಿದಳು. "ಮಾವನಿಗೆ ಜಡೆ ಹಾಕ್ಲಿಕ್ಕೆ ಬರ್ತದಾ?"

ಜಡ್ಜರು ಪ್ರಶ್ನೆಯನ್ನು ದೇರೆಬೈಲಿನವರಿಗೆ ದಾಟಿಸಿದರು. ಅವರು ಎದೆ ಸೆಟೆಸಿ, "ಎತ್ತಿನ ಹಗ್ಗ ಹೊಸೆಯುವವನಿಗೆ ಇದು ಯಾವ ಲೆಕ್ಕ!" ಎಂದರು.

"ಹಾಗಾದ್ರೆ ಹಾಕಿ ತೋರಿಸಲಿ" ಎಂದಳು ಹುಡುಗಿ. ತನ್ನ ಜಡೆ ಬಿಚ್ಚಲು ಮಾತ್ರ ಬಿಡಲಿಲ್ಲ. ಅಪ್ಪ ಹಾಕಿದ್ದು ಹಾಳಾಗುತ್ತದಂತೆ.

ಕೋಣೆಯಲ್ಲಿ ಬೇರೆ ಉದ್ದ ಕೂದಲಿದ್ದದ್ದು ಎದುರಾಳಿ ವಕೀಲರಿಗೆ ಒಬ್ಬರಿಗೇ. ರುಮಾಲು ತೆಗೆದರೆ ಬೆನ್ನಿನವರೆಗೆ ಜುಟ್ಟು. ಕಕ್ಷಿಗಾರನ ಹಿತಕ್ಕಾಗಿ ಅವರು ನೆಲದ ಮೇಲೆ ಕೂತರು. ದೇರೆಬೈಲಿನವರು ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹೊಸೆಯತೊಡಗಿದರು. ಎಳೆದಾಗಲೆಲ್ಲ ವಕೀಲರು ಇಂಗ್ಲಿಷಿನಲ್ಲಿ ನರಳಿದರು. ನಮ್ಮ ಕಕ್ಷಿಗಾರರಿಗೆ ನೋಡಿ ತಡೆಯಲಾಗಲಿಲ್ಲ. ಹಗೆತನ ಮರೆತು, "ಅಯ್ಯೋ, ಮೂರು ಎಳೆ ಮಾಡ್ಬೇಕು" ಎಂದು ಕೈ ಹಾಕಲು ಹೋದವರನ್ನು ಜಡ್ಜರು, "ಸಾಕ್ಷಿಗೆ ಹೇಳಿಕೊಡಬಾರದು" ಎಂದು ತಡೆದರು.

ಹುಡುಗಿ ಹತ್ತಿರ ಹೋಗಿ ಜಡೆಯನ್ನು ಎಳೆದು ನೋಡಿದಳು. "ಸಡಿಲ" ಎಂದಳು. ಜಡ್ಜರು ಅದನ್ನು ಬರೆದುಕೊಂಡರು.

೫. ನೆಂಟಸ್ತಿಕೆ

ಸಡಿಲ ಜಡೆ ಕಾನೂನಿನ ಮುಂದೆ ನಿಲ್ಲಲಿಲ್ಲ. ಕಟ್ಟಳೆಯೇ ಗೆದ್ದಿತು. ಹುಡುಗಿ ದೇರೆಬೈಲಿಗೆ, ಹುಡುಗ ಜೆಪ್ಪಿಗೆ, ತಾಯಂದಿರು ಮಕ್ಕಳ ಜೊತೆ ಅವರವರ ತವರಿಗೆ ಹೋಗಬೇಕು. ಮಳೆಗಾಲ ಮುಗಿದ ಮೇಲೆ ಎಲ್ಲರೂ ಬಂದು ವರದಿ ಹೇಳಬೇಕು.

ಜೆಪ್ಪಿನವರು ಒಂದು ಕೇಸು ಗೆದ್ದು ಒಂದು ಸೋತಿದ್ದರು. ಗೆದ್ದದ್ದು ಅವರ ನೆನಪಿನಲ್ಲೇ ಇರಲಿಲ್ಲ. ಮಗಳು ಜಟಕಾ ಹತ್ತಿದಾಗ ಬಾಚಣಿಗೆಯನ್ನು ಅವಳ ಕೈಗೆ ಕೊಟ್ಟು ಅಲ್ಲೇ ಮೆಟ್ಟಲ ಮೇಲೆ ಕುಸಿದರು.

ಸ್ವಲ್ಪ ಹೊತ್ತಿಗೆ ಅವರು ತಲೆಯೆತ್ತಿ ನಮ್ಮ ಹಿರಿಯರನ್ನು ಕೇಳಿದರು. "ವಕೀಲರೇ, ಅಪ್ಪ ಅಂದ್ರೆ ಸಂಜೆ ಊಟಕ್ಕೆ ಬರುವ ನೆಂಟ ಅಂತ ನೀವು ಹೇಳಿದ್ದು ಕಾನೂನಾ, ಸುಮ್ಮನೆ ಹೇಳಿದ್ದಾ?"

"ಕಾನೂನೇ. ಜಡ್ಜರು ಒಪ್ಪಿದ್ದಾರೆ."

"ನೆಂಟನನ್ನು ಬಾಗಿಲಲ್ಲಿ ತಡೀಲಿಕ್ಕೆ ಉಂಟಾ?"

"ಹೆಂಡತಿಯ ಮನೆಗೆ ಬಂದ ಗಂಡನನ್ನು ಯಾರು ತಡೀತಾರೆ ಮಾರಾಯ್ರೇ?"

ಅಂದು ಸಂಜೆಯೇ ಅವರು ಒಗೆದ ಪಂಚೆ ಉಟ್ಟು, ಒಂದು ಗೊನೆ ಕದಳಿ ಹಣ್ಣು ಹಿಡಿದು ದೇರೆಬೈಲಿನ ಕಡೆ ಹೊರಟರು. ಕಂಕನಾಡಿಯ ಪೇಟೆಯಲ್ಲಿ ಎದುರಿನಿಂದ ದೇರೆಬೈಲಿನವರು ಬರುತ್ತಿದ್ದರು. ಅವರದೂ ಒಗೆದ ಪಂಚೆ, ಕೈಯಲ್ಲಿ ಹಣ್ಣಿನ ಗೊನೆ. ಅವರ ಹೆಂಡತಿ ಮಗ ಈಗ ಜೆಪ್ಪಿನಲ್ಲಲ್ಲವೇ? ಇಬ್ಬರೂ ಮುಖ ತಿರುಗಿಸಿ ದಾಟಿದರು. ಆಮೇಲೆ ಇದು ದಿನಾ ನಡೆಯಿತು. ಇವರಿಬ್ಬರೂ ದಾಟಿದರೆ ಅಂಗಡಿ ದೀಪ ಹಚ್ಚುವ ಹೊತ್ತಾಯಿತೆಂದು ಪೇಟೆಯವರು ಲೆಕ್ಕ ಹಿಡಿದರು. ಮಳೆ ಜೋರಾದ ಮೇಲೆ ಇಬ್ಬರೂ ಕಾಣಿಸದಾದರು. ಅಂಗಡಿಯವರು ಒಂದೆರಡು ದಿನ ದೀಪ ಹಚ್ಚುವುದನ್ನೇ ಮರೆತರಂತೆ.

೬. ವರದಿ

ಮಳೆಗಾಲ ಮುಗಿದು ಎಲ್ಲರೂ ಕೋರ್ಟಿಗೆ ಬಂದರು. ಭಾವಂದಿರಿಬ್ಬರೂ ಗುಂಡಗೆ ಮೈತುಂಬಿಕೊಂಡಿದ್ದರು. ಆದರೆ ತಮ್ಮತಮ್ಮಲ್ಲಿ ಇನ್ನೂ ಮಾತು ಶುರುವಾಗಿರಲಿಲ್ಲ, ಒಬ್ಬರು ಕಿಟಕಿ ನೋಡಿದರೆ ಇನ್ನೊಬ್ಬರು ಮೇಲೆ ತೂಗುವ ಪಂಕಾ ನೋಡುತ್ತಿದ್ದರು.

ಜಡ್ಜರು ದೇರೆಬೈಲಿನವರನ್ನು ಕೇಳಿದರು. "ತಂಗಿಯ ಮಗಳು ನಿಮ್ಮ ವಶದಲ್ಲಿ ಚೆನ್ನಾಗಿದ್ದಾಳೆಯೇ?"

"ಚೆನ್ನಾಗಿದ್ದಾಳಂತೆ ಸ್ವಾಮಿ."

"ಅಂತೆ ಅಂದರೆ? ಅವಳಿರುವುದು ಎಲ್ಲಿ?"

"ದೇರೆಬೈಲಿನಲ್ಲಿ, ನನ್ನ ಮನೆಯಲ್ಲಿ."

"ನೀವಿರುವುದು?"

"ಜೆಪ್ಪಿನಲ್ಲಿ, ಇವರ ಮನೆಯಲ್ಲಿ. ಮಳೆಗೆ ದಿನಾ ಹೋಗಿ ಬರ್ಲಿಕ್ಕೆ ಕಷ್ಟ, ನೆಂಟನಾಗಿ ಅಲ್ಲೇ ಉಳಿದೆ."

ಜಡ್ಜರು ಮೆಲ್ಲಗೆ ಜೆಪ್ಪಿನವರ ಕಡೆ ತಿರುಗಿದರು. "ನೀವು?"

"ದೇರೆಬೈಲಿನಲ್ಲಿ ಸ್ವಾಮಿ. ನಾನೂ ನೆಂಟ." ಅವರ ಮೀಸೆ ಮತ್ತೆ ಮೇಲೆದ್ದಿತ್ತು. "ಮಗಳ ಜಡೆ ನಾನೇ ಹಾಕ್ತೇನೆ. ಅಲ್ಲಿ ನನಗೆ ಬೇರೆ ಕೆಲಸ ಇಲ್ಲ."

ಮಗಳು ಅಪ್ಪನ ಹತ್ತಿರವೇ ಇದ್ದಳು, ಮಗನೂ ಅಪ್ಪನ ಹತ್ತಿರವೇ ಇದ್ದ. ಕೋರ್ಟಿನ ಆಜ್ಞೆ ಅಕ್ಷರಶಃ ಪಾಲನೆಯಾಗಿತ್ತು. ಇಷ್ಟೆಲ್ಲ ಕಾನೂನು ಹೊಡೆದಾಡಿ ಆದದ್ದೆಂದರೆ, ಇಬ್ಬರು ಗಂಡಸರು ಮನೆ ಅದಲುಬದಲು ಮಾಡಿಕೊಂಡದ್ದು.

ಜಡ್ಜರಿಗೆ ಕನಿಕರ ಬಂತು. "ಇದೆಂಥ ಅವಸ್ಥೆ! ಹಳೆಯ ಆಜ್ಞೆ ತೆಗೆದುಹಾಕುತ್ತೇನೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ನಿಮ್ಮ ನಿಮ್ಮ ಮನೆಗೆ ಹೋಗಿ ಯಜಮಾನರಾಗಿರಿ."

"ಬೇಡ ಸ್ವಾಮಿ!"

ಕೂಗಿದ್ದು ಗಂಡಸರಲ್ಲ. ಹಿಂದಿನ ಬೆಂಚಿನಲ್ಲಿ ಇಷ್ಟು ದಿನ ಯಾರೂ ಒಂದು ಮಾತೂ ಕೇಳದೆ ಕೂರಿಸಿದ್ದ ಇಬ್ಬರು ಹೆಂಗಸರು. ಮೊದಲು ಎದ್ದವರು ಹುಡುಗಿಯ ತಾಯಿ, ಜೆಪ್ಪಿನವರ ಹೆಂಡತಿ, ದೇರೆಬೈಲಿನವರ ತಂಗಿ.

"ನಾನು ತವರಿನಲ್ಲೇ ಇರ್ತೇನೆ, ನನ್ನ ಗಂಡನೂ ನೆಂಟನಾಗಿ ಅಲ್ಲೇ ಇರ್ಲಿ. ಹಾಕಿದ್ದು ಉಣ್ತಾರೆ, ಯಾರಿಗೂ ಬೈಯುವುದಿಲ್ಲ. ಆದರೆ ಅಣ್ಣನನ್ನು ಯಜಮಾನ ಮಾಡಿ ವಾಪಸು ಕಳಿಸಬೇಡಿ ಸ್ವಾಮಿ. ಅವನು ಹೋದ ಮೇಲೆ ಮನೆಯಲ್ಲಿ ನೆಮ್ಮದಿ ಉಂಟು."

ಹುಡುಗನ ತಾಯಿಯೂ ಎದ್ದರು. ಅವರು ದೇರೆಬೈಲಿನವರ ಹೆಂಡತಿ, ಜೆಪ್ಪಿನವರ ತಂಗಿ. "ನನ್ನದೂ ಅದೇ ಮಾತು. ಗಂಡ ಇರ್ಲಿ, ಅಣ್ಣ ಮಾತ್ರ ಬೇಡ."

ಜಡ್ಜರು ಪೆನ್ನು ತೆಗೆದುಕೊಂಡರು, ಇಟ್ಟರು, ಮತ್ತೆ ತೆಗೆದುಕೊಂಡರು. ಜೆಪ್ಪಿನವರು ಬಾಯಿ ತೆರೆದು ಒಮ್ಮೆ ಹೆಂಡತಿಯನ್ನು, ಒಮ್ಮೆ ತಂಗಿಯನ್ನು ನೋಡಿದರು. ದೇರೆಬೈಲಿನವರೂ ಹಾಗೆಯೇ ನೋಡಿದರು. ಕೊನೆಗೆ ಮೀನಿನ ಜಗಳದ ನಂತರ ಮೊದಲ ಬಾರಿಗೆ ಜೆಪ್ಪಿನವರು ಭಾವನ ಕಡೆ ಬಾಗಿ, ಮೆಲುದನಿಯಲ್ಲಿ ಕೇಳಿದರು.

"ಭಾವಾ, ಇವರು ಬೇಡ ಅಂದದ್ದು ನನ್ನನ್ನೋ, ನಿನ್ನನ್ನೋ?"

"ಇಬ್ಬರನ್ನೂ ಮಾರಾಯ" ಎಂದರು ದೇರೆಬೈಲಿನವರು. "ಬೇಕು ಅಂದದ್ದೂ ಇಬ್ಬರನ್ನೇ. ಸುಮ್ಮನೆ ಕೂತ್ಕೋ, ನಾವು ರಾಜಿಯಾದದ್ದು ಜಡ್ಜರಿಗೆ ಗೊತ್ತಾದ್ರೆ ಯಜಮಾನ ಮಾಡಿಬಿಡ್ತಾರೆ."