ಬೀಗರಿಗೆ ಎತ್ತಿದ ಎರಡು ನಿಶಾನೆ

ಕಳೆದ ಭಾನುವಾರ ಕಡಲೆ ಕಿತ್ತ ಹೊಲದಲ್ಲಿ ನಡೆದ ಗ್ರಾಮೀಣ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್‌ನಲ್ಲಿ ಮೊರಬ ತಂಡ ಮಿಶ್ರಿಕೋಟಿಯನ್ನು ಎರಡು ಅಂಕಗಳಿಂದ ಸೋಲಿಸಿತು.

ಪತ್ರಿಕೆಗೆ ಈ ಸುದ್ದಿ ಕಳಿಸಿದವನು ನಾನೇ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ನಮ್ಮ ಮೊರಬದ ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಲೆ ಎತ್ತಲಾಗುತ್ತಿಲ್ಲ. ಊರವರು ಬೈದರೆ ತಡೆದುಕೊಳ್ಳಬಹುದಿತ್ತು. ಅವರು ಕರೆದು ಚಹಾ ಕುಡಿಸುತ್ತಾರೆ. "ಅಗದಿ ಟೈಮಿಗೆ ಎತ್ತಿದ್ರಿ ನೋಡ್ರಿ ಕಾಕಾ!"

ಎತ್ತಿದ್ದು ನಿಶಾನೆ, ಕೈಯಲ್ಲಿ ಹಿಡಿಯುವ ಬಾವುಟ. ಈ ಆಟದ ಚೆಂಡು ಬದನೆಕಾಯಿಯಂತೆ ಉದ್ದ. ಎರೆಮಣ್ಣಿನ ಬಿರುಕಿಗೆ ಬಿದ್ದರೆ ಎರಡೂ ತಂಡದವರು ಮೊಣಕೈ ತನಕ ಕೈ ಹಾಕಿ ಹುಡುಕಬೇಕು. ಇಡೀ ಸೀಸನ್ ಹಾಗೆಯೇ ನಡೆಯಿತು. ಚೆಂಡು ನಡುಗಂಬಗಳ ಮಧ್ಯೆ ದಾಟಿದರೆ ಆರು ಅಂಕ, ನಡುಗಂಬಕ್ಕೂ ಬದಿಯ ಕಂಬಕ್ಕೂ ನಡುವೆ ಹೋದರೆ ಒಂದು. ಕಂಬದ ಹತ್ತಿರ ನಿಂತವನು ಆರಕ್ಕೆ ಎರಡು ನಿಶಾನೆ, ಒಂದಕ್ಕೆ ಒಂದು ನಿಶಾನೆ ಎತ್ತಬೇಕು. ಪತ್ರಕರ್ತ ನಿಷ್ಪಕ್ಷಪಾತಿ ಎಂದು ಆ ಕೆಲಸವನ್ನು ನನಗೆ ಕೊಟ್ಟಿದ್ದರು. ನಾನೂ ಎದೆ ಉಬ್ಬಿಸಿ ಒಪ್ಪಿಕೊಂಡಿದ್ದೆ.

ಕೊನೆಯ ನಿಮಿಷದಲ್ಲಿ ಮೊರಬ ನಾಲ್ಕು ಅಂಕ ಹಿಂದಿತ್ತು. ನಮ್ಮವರು ಒದ್ದ ಚೆಂಡು ನಡುಗಂಬದ ಹೊರಗೆ, ಬದಿಯ ಕಂಬದ ಒಳಗಡೆ ಹೋದದ್ದನ್ನು ಕಣ್ಣಾರೆ ಕಂಡೆ. ಒಂದು ನಿಶಾನೆ ಎತ್ತಬೇಕೆನ್ನುವಷ್ಟರಲ್ಲಿ ಗೆರೆಯಾಚೆಯಿಂದ ದನಿ ಬಂತು: "ಶರಣ್ರಿ ಬೀಗರ!"

ಮಿಶ್ರಿಕೋಟಿಯ ನಮ್ಮ ಬೀಗರು, ಮಗಳ ಮಾವ. ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆದ್ದು ನಮಸ್ಕಾರಕ್ಕೆ ಜೋಡಿಯಾದವು. ಕೈಗಳಲ್ಲಿ ನಿಶಾನೆಗಳಿದ್ದವು. ಪಂದ್ಯ ಮುಗಿದ ಸೀಟಿ ಕೇಳಿಸಿತು, ಮೊರಬದವರ ಹಲಗೆಗಳು ಮೊಳಗತೊಡಗಿದವು.

ನಾನು ಓಡಿಹೋಗಿ ತೀರ್ಪುಗಾರರಾಗಿದ್ದ ಪಿ.ಟಿ. ಮಾಸ್ತರರಿಗೆ ನಿಜ ಹೇಳಿದೆ.

"ಎರಡೂ ಎತ್ತಿದ್ರೋ ಇಲ್ಲೋ?"

"ಎತ್ತಿದೆ. ಅದು ನಮಸ್ಕಾರ..."

"ನಿಶಾನಿ ಎತ್ತಿದ ಮ್ಯಾಲ ಮುಗೀತ್ರಿ. ಒಂದ ಕೈಲೇ ನಮಸ್ಕಾರ ಮಾಡಬೇಕಿತ್ತು!"

"ಒಂದ ಕೈಲೇ ಮಾಡಿದ್ರ ನಾ ಸುಮ್ನ ಇರ್ತಿದ್ನೇನ್ರಿ?" ಎಂದರು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಬೀಗರು.

ಮಿಶ್ರಿಕೋಟಿಯ ನಾಯಕ ಬೀಗರ ಕಿರಿಯ ಮಗ. ಕೆಸರಿನಂತೆ ಮೆತ್ತಿದ್ದ ಧೂಳನ್ನು ಮುಖದಿಂದ ಒರೆಸಿಕೊಳ್ಳುತ್ತ ಕೇಳಿದ: "ಅಪ್ಪಾ, ನಿನಗ ಅವಾಗ ಶರಣು ಬೇಕಾಗಿತ್ತ?" ಅವನು ನನ್ನನ್ನೇನೂ ಕೇಳಲಿಲ್ಲ. ಕೇಳಿದ್ದರೆ ಮನಸ್ಸು ಹಗುರಾಗುತ್ತಿತ್ತು. ನನ್ನ ಸುದ್ದಿಯಲ್ಲೂ ಅಂಕವಷ್ಟೇ ಇತ್ತು, ಶರಣು ಇರಲಿಲ್ಲ.

ಪತ್ರಿಕೆಗೆ ತಿದ್ದುಪಡಿ ಕಳಿಸಿದ್ದೇನೆ, ಇನ್ನೂ ಅಚ್ಚಾಗಿಲ್ಲ. ನಿನ್ನೆ ಮಿಶ್ರಿಕೋಟಿಗೆ ಹೋಗಿದ್ದೆ. ಬಾಗಿಲಲ್ಲಿ ಕೈಜೋಡಿಸಿದೆ. ಬೀಗರು "ಬರ್ರಿ, ಒಳಗ ಬರ್ರಿ" ಎಂದರು. ಅವರ ಎರಡೂ ಕೈಗಳು ಬೆನ್ನ ಹಿಂದಿದ್ದವು.