ಬೇಡ ಅನ್ನಲು ಬಾರದ ಟೀಚರಮ್ಮ

ನಾನು ಹುಟ್ಟಿದ್ದೇ ಪಾಠ ಹೇಳುವುದಕ್ಕೆ. ಇದು ನನ್ನ ಅಭಿಪ್ರಾಯವಲ್ಲ, ನಮ್ಮ ಆಯಿಯದು. ಆಯಿ ಅಂದರೆ ನಮ್ಮ ಅವ್ವನ ಅವ್ವ. ಗುಳೇದಗುಡ್ಡದ ಓಣಿಯಲ್ಲಿ ನನಗೆ ಮಾತು, ನಡೆ, ಉಂಡಮೇಲೆ ಎಲೆ ಎತ್ತುವ ರೀತಿ ಎಲ್ಲ ಕಲಿಸಿದವಳು ಆಕೆಯೇ. "ಈ ಹುಡುಗಿ ಬಾಯಿ ತೆಗದಳಂದ್ರ ಮುಚ್ಚಂಗಿಲ್ಲ, ಇಕಿ ಮಾಸ್ತರಣಿನ ಆಗ್ತಾಳ" ಅಂತ ಅಂದೇ ಹೇಳಿದ್ದಳು. ಆ ಮಾತು ಕುವೈತಿನಲ್ಲಿ ನಿಜವಾಗುತ್ತದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ!

ಮದುವೆ, ಮಗಳು, ಎರಡು ವರ್ಷದ ಹಿಂದೆ ಗಂಡನ ಬೆನ್ನು ಹತ್ತಿ ಇಲ್ಲಿನ ರಿಗ್ಗೈ ಬಡಾವಣೆಗೆ ಬಂದದ್ದು, ಇಷ್ಟೆಲ್ಲ ಆದಮೇಲೆ ನಾನು ಬಿ.ಎಡ್. ಸೇರಿದೆ. ಪರೀಕ್ಷೆ ಊರಲ್ಲಿ. ಅಭ್ಯಾಸ ಪಾಠ ಮಾತ್ರ ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ಮಾಡಬಹುದು ಅಂತ ಕಾಲೇಜಿನವರು ಉದಾರವಾಗಿ ಒಪ್ಪಿದರು. ಅದೇ ಶಾಲೆಯ ಐದನೇ ಕ್ಲಾಸಿನಲ್ಲಿ ನನ್ನ ಮಗಳು ಸಿಂಚನಾ ಓದುತ್ತಾಳೆ. ಶಾಲೆಯವರು ನನಗೆ ಕೊಟ್ಟದ್ದೂ ಅದೇ ಕ್ಲಾಸು. ಮನೆಯಲ್ಲಿ ನಾನು ಅಮ್ಮ, ಅಲ್ಲಿ ಮ್ಯಾಮ್. ಮನೆಯಲ್ಲಿ ನನ್ನ ಮಾತು ಆಕೆ ಕೇಳುವುದಿಲ್ಲ, ಅಲ್ಲಿ ಕೇಳಲೇಬೇಕು. ಬಿ.ಎಡ್. ಸಾರ್ಥಕವಾಯಿತು ಅಂದುಕೊಂಡೆ.

ಕೊನೆಯ ಪಾಠಕ್ಕೆ ವಿಷಯ ಸಿಕ್ಕಿತು: ‘ನಾವಿರುವ ನಾಡಿನ ಜನಜೀವನ’. ನನ್ನ ಮೇಲ್ವಿಚಾರಕಿ ಅನ್ನಮ್ಮ ಮೇಡಂ ಕೇರಳದವರು, ಕನ್ನಡಕದ ಮೇಲಿಂದಲೇ ಮನುಷ್ಯರನ್ನು ಅಳೆಯುವವರು. ನನ್ನ ಬಣ್ಣಬಣ್ಣದ ಚಾರ್ಟು ನೋಡಿ, "ಒಂಟೆ, ಖರ್ಜೂರ, ಪೆಟ್ರೋಲು. ಇದನ್ನು ಊರಲ್ಲೇ ಕೂತು ಬರೆಯಬಹುದಿತ್ತು. ಎರಡು ವರ್ಷದಲ್ಲಿ ಏನು ನೋಡಿದ್ದೀರಿ?" ಅಂತ ಕೇಳಿದರು.

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಸೂಪರ್‌ಮಾರ್ಕೆಟ್ಟು ನೋಡಿದ್ದೆ. ಅದರ ಪಾರ್ಕಿಂಗೂ ನೋಡಿದ್ದೆ.

"ಊರು ಸುತ್ತಿ. ನಿಜವಾದ ಒಂದು ವಸ್ತು ತನ್ನಿ. ಮಕ್ಕಳು ಮುಟ್ಟಿ ನೋಡಬೇಕು" ಅಂದರು.

ಸುತ್ತಿದೆ! ಮಗಳು ಶಾಲೆಗೆ ಹೋದಮೇಲೆ ಒಬ್ಬಳೇ ಬಸ್ಸು ಹತ್ತಿ ಶರ್ಕ್‌ಗೆ ಹೊರಟೆ. ಅಲ್ಲಿ ಎತ್ತರದ ಕಟ್ಟಡಗಳು, ಪಕ್ಕದಲ್ಲೇ ಸಮುದ್ರ ಅಂತ ಕೇಳಿದ್ದೆ. ಬಸ್ಸು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಕೊನೆಗೆ ಎತ್ತರದ ಕಟ್ಟಡಗಳು ಬಂದವು, ಪಕ್ಕದಲ್ಲಿ ಸಮುದ್ರವೂ ಬಂತು. ಇಳಿದೆ. ಆಹಾ, ಶರ್ಕ್ ಅಂದರೆ ಶರ್ಕ್! ಮೊಬೈಲಿನಲ್ಲಿ ಫೋಟೋ ಹೊಡೆದದ್ದೇ ಹೊಡೆದದ್ದು. ಆದರೆ ಬ್ಯಾಂಕು, ಆಫೀಸು ಇರುವ ಜಾಗದಲ್ಲಿ ಬಾಲ್ಕನಿ ತುಂಬ ಇಷ್ಟು ಲುಂಗಿ ಯಾಕೆ ಒಣಗುತ್ತಿವೆ ಅಂತ ಸಣ್ಣ ಅನುಮಾನ. ಚಹದಂಗಡಿಯ ಮುಂದೆ ನಿಂತವರೊಬ್ಬರನ್ನು ಕೇಳಿದೆ.

"ಶರ್ಕ್? ಬೆಹೆನ್‌ಜೀ, ಇದು ಮಹಬೂಲಾ. ಶರ್ಕ್ ಆ ಕಡೆ" ಅಂತ ಅವರು ನಾನು ಬಂದ ದಾರಿಯನ್ನೇ ತೋರಿಸಿದರು. ನಾನು ಹತ್ತಿದ್ದು ತದ್ವಿರುದ್ಧ ದಿಕ್ಕಿನ ಬಸ್ಸು!

ಸಂಜೆ ನನ್ನ ಸುಟ್ಟ ಮುಖ ನೋಡಿ ನಮ್ಮ ಮನೆಯವರಿಗೆ ಕರುಣೆ ಬಂತು. ಅವರ ಹೆಸರು ಬಸವರಾಜ, ಕಂಪನಿಯೊಂದರಲ್ಲಿ ಎಂಜಿನಿಯರು. ಕಂಪನಿಯ ಮಾಲೀಕ, ನಮ್ಮೆಲ್ಲರ ಕಫೀಲ್, ಅಂದರೆ ನಮ್ಮ ವೀಸಾಕ್ಕೆ ಜಾಮೀನು ನಿಂತವರು, ಫಹದ್ ಎಂಬವರು.

"ಫಹದ್ ಅವರ ತಾಯಿಗೆ ನಮ್ಮ ಕಡೆ ಮಂದಿ ಅಂದ್ರ ಭಾಳ ಪ್ರೀತಿ. ಆಕಿ ಅಪ್ಪ ಹಿಂದಕ ಹಡಗಿನ್ಯಾಗ ಮುಂಬೈಗೆ ಖರ್ಜೂರ ಒಯ್ತಿದ್ದರಂತ, ಆಕಿಗೆ ಹಿಂದಿ ಬರ್ತದ. ಕಾಫಿಗೆ ಕರಕೊಂಡು ಬಾ ಅಂತ ಹೇಳ್ಯಾರ. ಹೋಗೂಣು" ಅಂದರು. ಆಮೇಲೆ ದನಿ ತಗ್ಗಿಸಿ, "ಗಿರಿಜಾ, ನಮ್ಮ ಇಕಾಮಾ ಈ ತಿಂಗಳು ಮುಗೀತದ. ಇಲ್ಲಿ ಇರೂ ಪರವಾನಗಿ ಮುಂದುವರಸಾಕ ಅವರ ಸಹಿ ಬೇಕು. ಕಾಗದ ಅವರ ಟೇಬಲ್ ಮ್ಯಾಲೆ ಕುಂತದ. ಏನೂ ಎಡವಟ್ಟು ಮಾಡಬ್ಯಾಡ."

"ಒಂದ ಕಪ್ ಕಾಫಿ ಕುಡದ ಬರೂದ್ರಾಗ ಏನ್ರೀ ಎಡವಟ್ಟು?" ಅಂದೆ.

ಇತಿಹಾಸದಲ್ಲಿ ದಾಖಲಾಗಬೇಕಾದ ಪ್ರಶ್ನೆ ಅದು!

ಇಲ್ಲಿ ತಾಯಂದಿರನ್ನು ಹಿರಿಮಗನ ಹೆಸರಿನಿಂದ ಕರೆಯುತ್ತಾರೆ. ಹಾಗಾಗಿ ಅವರು ಉಮ್ ಫಹದ್, ಫಹದನ ಅವ್ವ. ಅವರ ಮನೆ ಮುಟ್ಟಿದ್ದೇ ಗಂಡಸರು ಆಚೆ ಕೋಣೆಗೆ ಹೋದರು. ಉಮ್ ಫಹದ್ ನನ್ನ ಎರಡೂ ಕೈ ಹಿಡಿದು ಒಳಗೆ ಕೂರಿಸಿಕೊಂಡರು. ಅಂಗೈಯಲ್ಲಿ ಮುಚ್ಚಿಹೋಗುವಂಥ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಕಾಫಿ ಬಂತು. ಕುಡಿದೆ. ಮತ್ತೆ ಸುರಿದರು. ಕುಡಿದೆ. ಮತ್ತೆ! ಕಹಿ ಅಂದರೆ ಬೇವಿನ ಕಷಾಯ. ಆದರೆ ಬೇಡ ಅನ್ನುವುದು ಹೇಗೆ? ಹಿರಿಯರು ಬಡಿಸಿದ್ದನ್ನು ಬೇಡ ಅನ್ನಬಾರದು ಅಂತ ಆಯಿಯ ಕಟ್ಟಪ್ಪಣೆ. ಕುಡಿಯುತ್ತಲೇ ಹೋದೆ. ಕೈ ನಡುಗಲು ಶುರುವಾಯಿತು. ನಡುಗಿದ್ದೇ ಉಮ್ ಫಹದ್ ಸುರಿಯುವುದನ್ನು ನಿಲ್ಲಿಸಿದರು. ಬಟ್ಟಲು ಅಲ್ಲಾಡಿಸಿದರೆ ‘ಸಾಕು’ ಅಂತ ಅರ್ಥವಂತೆ. ನನ್ನ ಬದುಕಿನಲ್ಲಿ ನಾನು ಪಾಲಿಸಿದ ಮೊದಲ ಅರಬ್ ಶಿಷ್ಟಾಚಾರ ಅದು. ನರದೌರ್ಬಲ್ಯದಿಂದ ಪಾಲಿಸಿದ್ದು!

ಆಗ ಗೋಡೆಯ ಗೂಡಿನಲ್ಲಿದ್ದ ಹಳೆಯ ಹಿತ್ತಾಳೆಯ ಕಾಫಿ ಹೂಜಿಯ ಮೇಲೆ ನನ್ನ ಕಣ್ಣು ಬಿತ್ತು. ಅದಕ್ಕೆ ದಲ್ಲಾ ಅನ್ನುತ್ತಾರೆ. ಕೊಕ್ಕರೆಯ ಕೊಕ್ಕಿನಂಥ ಮೂತಿ, ಹೊಟ್ಟೆಯ ಮೇಲೆ ಒಂದು ತಗ್ಗು. ಉಮ್ ಫಹದ್ ಅವರ ಅತ್ತೆಯದಂತೆ. "ಭಾಳ ಚಂದ ಅದ" ಅಂತ ಹಿಂದಿಯಲ್ಲಿ ಮನಸಾರೆ ಹೊಗಳಿದೆ.

ಉಮ್ ಫಹದ್ ಎದ್ದು, ದಲ್ಲಾ ತಂದು ನನ್ನ ಮುಂದೆ ಹಿಡಿದು, "ತಫದ್ದಲಿ! ನಿನ್ನದೇ ಅಂತ ತಿಳಿ, ತಗೋ" ಅಂದರು.

ಓದುಗರೇ, ನನ್ನ ಸ್ಥಿತಿ ಯೋಚಿಸಿ. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದು, ಕೊಟ್ಟದ್ದನ್ನು ಆಕೆ ಬೇಡ ಅಂದರೆ ಕೊಟ್ಟ ಮನೆಗೇ ಕೇಡು, ಇದು ನಾನು ಹಾಲಿನ ಜೊತೆ ಕುಡಿದ ಪಾಠ. ಊರಲ್ಲಾದರೆ ಒಂದು ಖಣ, ಒಂದು ತೆಂಗಿನಕಾಯಿ ಉಡಿಗೆ ಹಾಕುತ್ತಾರೆ. ಇವರದು ಶ್ರೀಮಂತರ ಮನೆ, ದಲ್ಲಾ ಹಾಕುತ್ತಿದ್ದಾರೆ! ನಾನು ಎದ್ದು ನಿಂತು, ಪೂರ್ವದಿಕ್ಕಿಗೆ ತಿರುಗಿ, ಭಕ್ತಿಯಿಂದ ಸೆರಗೊಡ್ಡಿದೆ.

ಉಮ್ ಫಹದ್ ಸೆರಗನ್ನು ನೋಡಿದರು. ನನ್ನನ್ನು ನೋಡಿದರು. ದಲ್ಲಾವನ್ನು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಪ್ರೀತಿ ಹೆಚ್ಚಾಗಿ ಕೈ ಬಿಡುತ್ತಿಲ್ಲ ಅಂದುಕೊಂಡು ನಾನೇ ಮೆಲ್ಲಗೆ ಎಳೆದುಕೊಂಡೆ.

ಕಾರಿನಲ್ಲಿ ನಮ್ಮ ಮನೆಯವರು ಅದನ್ನು ನೋಡಿ ಹಿಗ್ಗಿದರು. "ಮಾಲಕರ ಮನಿಯಿಂದ ಉಡುಗೊರೆ! ಇಕಾಮಾ ಆತು ತಿಳಕೋ!"

ಮಾರನೇ ದಿನ ಕೊನೆಯ ಪಾಠ. ಹಿಂದಿನ ಬೆಂಚಿನಲ್ಲಿ ಅನ್ನಮ್ಮ ಮೇಡಂ ಪೆನ್ನು ಹಿಡಿದು ಕೂತಿದ್ದರು. ನಾನು ದಲ್ಲಾದ ಮೇಲಿನ ಬಟ್ಟೆಯನ್ನು ಸರ್ರನೆ ಸರಿಸಿದೆ. ಮಕ್ಕಳು ‘ವಾವ್’ ಅಂದವು. ಅನ್ನಮ್ಮ ಮೇಡಂ ಕನ್ನಡಕದ ಒಳಗಿನಿಂದ ನೋಡಿದರು, ನನ್ನ ಕಾಲದಲ್ಲಿ ಮೊದಲ ಸಲ! ನಾನು ಗಾಳಿಯಲ್ಲಿ ತೇಲುತ್ತ, ಕುವೈತಿನ ಆತಿಥ್ಯ ಎಷ್ಟು ದೊಡ್ಡದೆಂದರೆ ನಾನು ಚಂದವಿದೆ ಅಂದದ್ದೇ ತಡ, ಆ ತಾಯಿ ತಮ್ಮ ಅತ್ತೆಯ ದಲ್ಲಾವನ್ನೇ ಕೊಟ್ಟುಬಿಟ್ಟರು ಅಂತ ಇಂಗ್ಲಿಷಿನಲ್ಲಿ ಬಣ್ಣಿಸಿದೆ.

ಮೂರನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೈ!

"ಮ್ಯಾಮ್, ಯೂ ಟುಕ್ ಇಟ್?"

"ಯೆಸ್, ಸಿಂಚನಾ."

"ಬಟ್ ಮ್ಯಾಮ್, ಯೂ ಹ್ಯಾವ್ ಟು ಸೇ ನೋ!"

ಅರೇಬಿಕ್ ಸರ್ ಹೇಳಿಕೊಟ್ಟಿದ್ದಾರಂತೆ. ಯಾರಾದರೂ ತಮ್ಮ ವಸ್ತುವನ್ನು ಹೊಗಳಿದರೆ ‘ತಗೋ’ ಅನ್ನುವುದು ಇಲ್ಲಿಯ ಹಳೆಯ ಮರ್ಯಾದೆ. ‘ಬೇಡ, ನಿಮ್ಮಲ್ಲೇ ಇರಲಿ’ ಅಂತ ಮೂರು ಸಲ ಹೇಳುವುದು ಅತಿಥಿಯ ಮರ್ಯಾದೆ. ಅಲ್ಲಿಗೆ ಇಬ್ಬರ ಮಾನವೂ ಉಳಿಯುತ್ತದೆ, ವಸ್ತುವೂ ಗೂಡಿನಲ್ಲೇ ಉಳಿಯುತ್ತದೆ. ಇಡೀ ಕ್ಲಾಸು ತಲೆಯಾಡಿಸಿತು. ಎಲ್ಲರಿಗೂ ಗೊತ್ತಿತ್ತು!

ಮುಂದಿನ ಬೆಂಚಿನ ಪುಟ್ಟ ಹುಡುಗಿಯೊಬ್ಬಳು ಬಹಳ ಕಾಳಜಿಯಿಂದ ಕೇಳಿದಳು: "ಮ್ಯಾಮ್, ಹಾಗಾದರೆ ಇದು ಕದ್ದದ್ದಾ?"

ಅನ್ನಮ್ಮ ಮೇಡಂ ಏನೋ ಬರೆದುಕೊಂಡರು. ತುಂಬ ಹೊತ್ತು ಬರೆದುಕೊಂಡರು.

ಸಂಜೆ ನಮ್ಮ ಮನೆಯವರು ಬೂಟು ಬಿಚ್ಚದೇ ಸೋಫಾದ ಮೇಲೆ ಕುಸಿದರು. "ಫಹದ್ ಇವತ್ತು ನನ್ನ ಜೋಡಿ ಒಂದು ಮಾತೂ ಆಡಲಿಲ್ಲ. ಸಲಾಮ್ ಅಂದರ ಬರೇ ತಲಿ ಅಲ್ಲಾಡಿಸಿದರು."

ನಾನು ಮಗಳ ಪಾಠವನ್ನು ಅವರಿಗೆ ಒಪ್ಪಿಸಿದೆ. ಅವರು ದಲ್ಲಾವನ್ನು ನೋಡಿದರು, ಅದು ಕೊಕ್ಕು ಚಾಚಿ ಅವರನ್ನು ನೋಡಿತು.

"ಅವರತ್ತಿ ದಲ್ಲಾ ಕಸಗೊಂಡು ಬಂದೀಯಲ್ಲ, ಮಾರಾಯ್ತಿ!"

"ಕಸಗೊಂಡಿಲ್ರೀ, ಸೆರಗೊಡ್ಡೇನಿ!"

"ಇಕಾಮಾ ಹೋತು. ಗಂಟು ಕಟ್ಟು."

ಅಷ್ಟರಲ್ಲಿ ಪಕ್ಕದ ಮನೆಯ ಶಾಲಿನಿ ಬಂದು ಕಥೆಯೆಲ್ಲ ಕೇಳಿದರು. ಉಡುಪಿಯವರು, ಶರ್ಕ್‌ನ ಆಫೀಸಿನಲ್ಲಿ ಕೆಲಸ. ಶರ್ಕ್‌ಗೆ ದಿನಾ ಸರಿಯಾಗಿ ಹೋಗಿ ಬರುವವರು, ಹಾಗಾಗಿ ಅವರ ಬುದ್ಧಿಯ ಮೇಲೆ ನನಗೆ ವಿಶೇಷ ಗೌರವ.

"ಎಂತ ಮಾರಾಯ್ರೆ ನೀವು! ವಾಪಸ್ ಕೊಡ್ಲಿಕ್ಕೆ ಹೋದ್ರೆ ಇನ್ನೂ ದೊಡ್ಡ ಅವಮಾನ. ಅವರನ್ನೇ ಮನೆಗೆ ಕರೀರಿ. ದಲ್ಲಾ ಎದುರಿಗೇ ಇಡಿ. ನೋಡಿ ‘ಚಂದ ಉಂಟು’ ಅಂತ ಅಂದೇ ಅಂತಾರೆ. ಅಂದದ್ದೇ ‘ತಫದ್ದಲಿ’ ಅಂತ ಕೈಗೆ ಕೊಟ್ಬಿಡಿ. ಖಲಾಸ್!"

ಎಂಥ ರಾಜತಾಂತ್ರಿಕತೆ! ಕರೆ ಹೋಯಿತು. ವಾರದ ಕೊನೆಗೆ ಉಮ್ ಫಹದ್ ಬರುವುದು ನಿಶ್ಚಯವಾಯಿತು.

ಸದರಿ ದಲ್ಲಾವನ್ನು ಹುಣಸೇಹಣ್ಣು ಹಚ್ಚಿ ಫಳಫಳ ಬೆಳಗಿ ಟೀಪಾಯಿಯ ನಟ್ಟನಡುವೆ ಪ್ರತಿಷ್ಠಾಪಿಸಿದೆ. ಉಮ್ ಫಹದ್ ಬಂದರು, ಕೂತರು, ಕಿಟಕಿಯ ಪರದೆ ಚಂದವಿದೆ ಅಂದರು. ದಲ್ಲಾದ ಬಗ್ಗೆ ಚಕಾರವಿಲ್ಲ. ನಾನು ಅದನ್ನು ಅವರ ಕಡೆ ಸ್ವಲ್ಪ ಸರಿಸಿದೆ. ಮಗಳು ಜಾಣೆ ಅಂದರು. ಇನ್ನಷ್ಟು ಸರಿಸಿದೆ. ದಲ್ಲಾ ಅವರ ಮೊಣಕಾಲಿಗೆ ತಾಗಿತು. ಅವರು ಮೊಣಕಾಲನ್ನು ಹಿಂದಕ್ಕೆ ತೆಗೆದುಕೊಂಡರು!

ಕೊನೆಯ ಅಸ್ತ್ರವಾಗಿ ದಲ್ಲಾವನ್ನು ಅಡುಗೆಮನೆಗೆ ಒಯ್ದು, ಅದರೊಳಗೇ ಹಾಲು ಹಾಕಿದ ಶುಂಠಿ ಚಹ ತುಂಬಿ ತಂದೆ. ತಲೆತಲಾಂತರದಿಂದ ಕಾಫಿಯನ್ನು ಬಿಟ್ಟು ಬೇರೇನೂ ಕಾಣದ ದಲ್ಲಾ ಅದು. ಸುರಿಯುವಾಗ ಒಂದು ಸಲ ಗೊರಕ್ ಅಂದಿತು, ಪಾಪ.

ಉಮ್ ಫಹದ್ ಒಂದು ಗುಟುಕು ಕುಡಿದು ಕಣ್ಣರಳಿಸಿದರು. "ಚಹ ಬಹಳ ರುಚಿ!"

ಸಿಕ್ಕಿತು! "ತಫದ್ದಲಿ! ಪಾತ್ರೆ ಸಮೇತ ಒಯ್ಯಿರಿ!" ಅಂತ ಕೂಗಿಯೇಬಿಟ್ಟೆ.

"ಬೇಡ ಮಗಳೇ."

"ಒಯ್ಯಿರಿ!"

"ಬೇಡ, ನಿನ್ನಲ್ಲೇ ಇರಲಿ."

"ಒಯ್ಯಲೇಬೇಕು!"

"ಬೇಡವೇ ಬೇಡ."

ಮೂರು ಸಲ! ಮರ್ಯಾದೆ ಸಂಪೂರ್ಣ! ನಮ್ಮ ಮನೆಯವರು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತರು, ಬಹುಶಃ ವಿಮಾನದ ಸೀಟು ಕಾಣುತ್ತಿತ್ತು.

ಆಗ ಉಮ್ ಫಹದ್ ಅವರ ಕೈ ಸೋಫಾದ ಮೇಲೆ ಹಾಸಿದ್ದ ಕೌದಿಯ ಮೇಲೆ ಹೋಯಿತು. ಆಯಿ ತನ್ನ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ, ನಾನು ಇಲ್ಲಿಗೆ ಹೊರಟಾಗ ಹೊಲಿದುಕೊಟ್ಟ ಕೌದಿ. ಅವರು ಒಂದೊಂದೇ ಹೊಲಿಗೆಯನ್ನು ಬೆರಳಿನಿಂದ ಸವರಿದರು. "ಇದನ್ನು ಹೊಲಿದ ಕೈ ದೊಡ್ಡದು. ಎಷ್ಟು ಚಂದ!"

ಆಯಿಯ ಕೌದಿ ಕೊಡುವ ಮಾತೇ ಇಲ್ಲ. ಆದರೂ ನಾಲಿಗೆಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು. "ತಫದ್ದಲಿ" ಅಂದೆ. ಚಿಂತೆಯಿಲ್ಲ, ಮೂರು ಸಲ ಬೇಡ ಅನ್ನುತ್ತಾರಲ್ಲ!

ಉಮ್ ಫಹದ್ ಎದ್ದು ನಿಂತರು. ಎರಡೂ ಕೈಯಿಂದ ತಮ್ಮ ಕಪ್ಪು ನಿಲುವಂಗಿ ಅಬಾಯಾದ ಅಂಚನ್ನು ಮುಂದಕ್ಕೆ ಹಿಡಿದು, ಥೇಟ್ ನನ್ನ ಹಾಗೆಯೇ, ಭಕ್ತಿಯಿಂದ ಒಡ್ಡಿದರು!

"ಹೀಗೇ ತಾನೇ ನಿಮ್ಮಲ್ಲಿ?" ಅಂತ ನಕ್ಕರು. "ಆವತ್ತು ನಿನ್ನನ್ನು ನೋಡಿ ಮೊದಲು ಗಾಬರಿಯಾಯಿತು. ಆಮೇಲೆ ಯೋಚನೆ ಮಾಡಿದೆ. ಬೇಡ ಬೇಡ ಅನ್ನುತ್ತಲೇ ನಮ್ಮ ಅರ್ಧ ಆಯುಷ್ಯ ಹೋಯಿತು. ತಗೋ ಅಂದರೆ ತಗೊಳ್ಳುವುದು ಒಳ್ಳೆಯ ಪದ್ಧತಿ!"

ಕೌದಿ ಮಡಿಸಿ ಅವರ ಉಡಿಯಲ್ಲಿಟ್ಟೆ. ಏನು ಮಾಡಲಿ, ನಮ್ಮದೇ ಪದ್ಧತಿ! ಅವರು ಬಾಗಿಲ ತನಕ ಹೋದವರು ತಿರುಗಿ ಬಂದರು. "ಕೌದಿ ಹಗುರ ಇದೆ, ಒಳಗೆ ಏನಾದರೂ ಇದ್ದರೆ ಚಂದ" ಅನ್ನುತ್ತ, ಟೀಪಾಯಿಯ ಮೇಲಿನ ದಲ್ಲಾವನ್ನು ಎತ್ತಿ ಉಳಿದ ಚಹವನ್ನು ನನ್ನ ಲೋಟಕ್ಕೆ ಬಗ್ಗಿಸಿ, ಕೌದಿಯಲ್ಲಿ ಕೂಸಿನಂತೆ ಸುತ್ತಿಕೊಂಡರು.

ದಲ್ಲಾ ಮನೆಗೆ ಹೊರಟಿತು! ಜೊತೆಗೆ ನನ್ನ ಕೌದಿಯೂ.

"ಫಹದ್ ಅವರಿಗೆ ಸಿಟ್ಟು ಏನಾದರೂ..." ಅಂತ ನಮ್ಮ ಮನೆಯವರು ತೊದಲಿದರು.

"ಫಹದನಿಗಾ? ಹಲ್ಲು ಕೀಳಿಸಿಕೊಂಡು ಬಾಯಿ ಊದಿತ್ತು, ವಾರವಿಡೀ ಯಾರ ಜೊತೆಗೂ ಮಾತಿಲ್ಲ. ನಿಮ್ಮ ಕಾಗದಕ್ಕೆ ಸಹಿ ಮಾಡಿ ಇಟ್ಟಿದ್ದಾನೆ, ನಾಳೆ ತಗೊಳ್ಳಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಗಂಡ ಬಹಳ ಒಳ್ಳೆಯವನು."

"ತಫದ್ದಲಿ!" ಅಂದಿತು ನನ್ನ ನಾಲಿಗೆ.

ಲಿಫ್ಟಿನ ಬಾಗಿಲು ತೆರೆಯಿತು. ಉಮ್ ಫಹದ್ ನಮ್ಮ ಮನೆಯವರನ್ನು ತಲೆಯಿಂದ ಕಾಲಿನವರೆಗೆ, ಬೋಳುತಲೆ, ಹೊಟ್ಟೆ, ಹವಾಯಿ ಚಪ್ಪಲಿ ಸಮೇತ, ಸಾವಧಾನವಾಗಿ ನೋಡಿದರು.

"ಬೇಡ" ಅಂದರು. "ಬೇಡ. ಬೇಡವೇ ಬೇಡ."

ಲಿಫ್ಟು ಇಳಿಯಿತು. ನಮ್ಮ ಮನೆಯವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಅವರ ಹಲ್ಲೇನೂ ನೋಯುತ್ತಿರಲಿಲ್ಲ. ಆಯಿಗೆ ಫೋನ್ ಮಾಡಿದರೆ, "ಕೌದಿ ಕೊಟ್ಟಿದ್ದು ಚೊಲೊ ಆತು ಬಿಡು, ನಾ ಮತ್ತೊಂದು ಹೊಲೀತೀನಿ. ಗಂಡನ್ನ ಯಾಕ ಕೊಡಾಕ ಹೋದಿ? ಅಂಥಾ ಮಾಲು ಯಾರು ಒಯ್ತಾರ?" ಅಂತ ಬಿದ್ದು ಬಿದ್ದು ನಕ್ಕಳು.

ಅಂದಹಾಗೆ ನಾನು ಪಾಸಾದೆ. ಅನ್ನಮ್ಮ ಮೇಡಂ ಅಷ್ಟು ಹೊತ್ತು ಬರೆದದ್ದು ಕೊನೆಗೂ ಕೈಗೆ ಬಂತು: ‘ಈ ಶಿಕ್ಷಕಿಯ ತರಗತಿಯಲ್ಲಿ ಕಲಿಕೆ ಚೆನ್ನಾಗಿ ನಡೆಯುತ್ತದೆ. ಕಲಿಯುವವರು ಶಿಕ್ಷಕಿಯೇ.’