ವೇದಿಕೆಯ ಕುರ್ಚಿಗೆ ಸಲ್ಲಬೇಕಾದ ಬೆಳಕು

ಸಂಖ್ಯೆ: ರಂ.ಬೆ.ನಿ. 14/64-65
ಪುತ್ತೂರು, 9-2-1965

ಸುತ್ತೋಲೆ

ವಿಷಯ: ನಾಟಕ, ನೃತ್ಯಗಳ ಕಾಲಕ್ಕೆ ವೇದಿಕೆಯ ಮೇಲೆ ಆಸೀನರಾಗಿರುವ ಅಧಿಕಾರಿಗಳಿಗೆ ಬೆಳಕು ಒದಗಿಸುವ ಬಗ್ಗೆ.

ಉಲ್ಲೇಖ: (1) ಪೆರಾಬೆಯ ಕತ್ತಲೆ. (2) ಜಾಲ್ಸೂರಿನ ಬೆಳಕು.

ಸುಳ್ಯದ ಶ್ರೀ ತ್ಯಾಂಪಣ್ಣ ಎಂಬವರು ಬಹುಕಾಲದಿಂದ ರಂಗದ ಮೇಲೆ ಗ್ಯಾಸ್‌ಲೈಟು ತೂಗಿಸಿ, ಡಬ್ಬಿಯ ತಗಡನ್ನೂ ಬಣ್ಣದ ಪಾರದರ್ಶಕ ಕಾಗದವನ್ನೂ ಅಡ್ಡ ಹಿಡಿದು, ಮುಸ್ಸಂಜೆ, ಬೆಳದಿಂಗಳು, ಕಾಡ್ಗಿಚ್ಚು ಮುಂತಾದವನ್ನು ಇಲಾಖೆಯ ಗಮನಕ್ಕೆ ತಾರದೆ ಉಂಟುಮಾಡುತ್ತ ಬಂದಿದ್ದಾರೆ. ಇದೇ ತಮ್ಮ ಉದ್ಯೋಗವೆಂದೂ ಹೇಳಿಕೊಳ್ಳುತ್ತಾರೆ. ಅಂಥ ಉದ್ಯೋಗವೊಂದು ಇರುವುದಾಗಿ ಈ ಕಚೇರಿಗೆ ತಿಳಿದಿಲ್ಲ.

1. ಪೆರಾಬೆಯ ಶಾಲಾ ವಾರ್ಷಿಕೋತ್ಸವದಲ್ಲಿ ಭಾಷಣ ಮುಗಿದ ಬಳಿಕವೂ ಮುಖ್ಯಾಧಿಕಾರಿ ಶ್ರೀ ಕೃಷ್ಣಮೋಹನ ಅವರು ವೇದಿಕೆಯ ಕುರ್ಚಿಯಲ್ಲೇ ಮುಂದುವರಿದರು. ಮಗನನ್ನು ಕಳೆದುಕೊಂಡ ತಾಯಿಯ ಪಾತ್ರದಲ್ಲಿ ಕುಮಾರಿ ಶಂಕರಿಯವರ ನೃತ್ಯ ಅವರ ಮೊಣಕಾಲ ಬುಡದಲ್ಲೇ ಜರುಗಿತು. ತ್ಯಾಂಪಣ್ಣ ಆ ಬದಿಯ ದೀಪಕ್ಕೆ ತಗಡು ಮುಚ್ಚಿದ್ದರಿಂದ, ಅಧಿಕಾರಿಯವರು ಬಂದೇ ಇಲ್ಲವೆಂದು ಊರವರು ತಿಳಿದರು. ಸಭಾಂಗಣಕ್ಕೆ ಬೀಗ ಹಾಕಿ ಮನೆಗೆ ಹೋದ ಜವಾನನೂ ಹಾಗೆಯೇ ತಿಳಿದದ್ದು ವಿಷಾದನೀಯ.

2. ವಿವರಣೆ ಕೇಳಲಾಗಿ ತ್ಯಾಂಪಣ್ಣ ನೀಡಿದ ಹೇಳಿಕೆ: "ಎಂತ ಮಾಡುದು ಮಾರಾಯ್ರೆ? ಮಗ ಸತ್ತ ತಾಯಿ ಅಳುವಾಗ ಹಿಂದೆ ಇವರ ಕೋಟಿನ ಗುಂಡಿ ಹೊಳೀತದೆ. ಏಳಿ ಅಂತ ಹೇಳ್ಲಿಕ್ಕೆ ಯಾರಿಗೂ ಧೈರ್ಯ ಇಲ್ಲ. ನನ್ನತ್ರ ತಗಡು ಉಂಟು, ಮುಚ್ಚಿದೆ." ಸದರಿ ಹೇಳಿಕೆ ಸ್ಪಷ್ಟವಾಗಿರುವುದರಿಂದ ತಿರಸ್ಕರಿಸಲಾಗಿದೆ.

3. ತದನಂತರ, ಅಧಿಕಾರಿಯವರ ಮುಖಕ್ಕೆ ಮೊದಲಿಂದ ಮಂಗಳದವರೆಗೆ ಬಣ್ಣವಿಲ್ಲದ, ತಗಡಿಲ್ಲದ ಪೂರ್ಣ ಬೆಳಕು ಬೀಳತಕ್ಕದ್ದೆಂದೂ, ತಪ್ಪಿದಲ್ಲಿ ಪುತ್ತೂರು, ಸುಳ್ಯ, ಕಡಬಗಳ ಯಾವ ರಂಗಕ್ಕೂ ತ್ಯಾಂಪಣ್ಣ ದೀಪ ಕಟ್ಟುವಂತಿಲ್ಲವೆಂದೂ ಆದೇಶಿಸಲಾಯಿತು.

4. ಜಾಲ್ಸೂರಿನಲ್ಲಿ ಅದೇ ನೃತ್ಯದ ವೇಳೆ ತ್ಯಾಂಪಣ್ಣ ಈ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದರು. ಎರಡನೆಯ ಹಾಡಿಗೇ ಮುಖ್ಯಾಧಿಕಾರಿಯವರಿಗೆ ನಿದ್ದೆ ಹತ್ತಿತು. ಬಾಯಿ ತೆರೆದುಕೊಂಡಿತು. ಕುಮಾರಿ ಶಂಕರಿ ಮಗನ ಹೆಣದ ಮುಂದೆ ಅಳುತ್ತಿರಲು ಸಭೆ ಬಿದ್ದು ಬಿದ್ದು ನಕ್ಕಿತು. ಆಕೆ ಅರ್ಧಕ್ಕೇ ಒಳಗೆ ಹೋದರು. ಆಗ ತ್ಯಾಂಪಣ್ಣನ ಕಣ್ಣು ಒದ್ದೆಯಾಗಿತ್ತೆಂದು ವರದಿಯಿದೆ. ಅದು ದೀಪದ ಝಳದಿಂದ ಎಂದು ಈ ಕಚೇರಿ ತೀರ್ಮಾನಿಸಿದೆ.

5. ಆದ ಕಾರಣ ಇನ್ನು ಮುಂದೆ ಅಧಿಕಾರಿಗಳು ಎಚ್ಚರವಿದ್ದಾಗ ಬೆಳಕನ್ನೂ ನಿದ್ರಿಸುವಾಗ ಕತ್ತಲೆಯನ್ನೂ ಒದಗಿಸುವಂತೆ ಈ ಮೂಲಕ ಸೂಚಿಸಲಾಗಿದೆ. ತಾವು ನಿದ್ರಿಸುತ್ತಿದ್ದುದನ್ನು ಅಧಿಕಾರಿಗಳು ಎಚ್ಚರವಾದ ಮೇಲೆ ಲಿಖಿತವಾಗಿ ದೃಢಪಡಿಸತಕ್ಕದ್ದು. ಅಲ್ಲಿಯವರೆಗೆ ದೀಪ ಮುಚ್ಚುವಂತಿಲ್ಲ.

6. ದುಃಖದ ದೃಶ್ಯಗಳನ್ನು ಅಧಿಕಾರಿಗಳ ಎಚ್ಚರದ ವೇಳೆಗೆ ಹೊಂದಿಸಿಕೊಳ್ಳುವುದು. ಕಥೆಯಲ್ಲಿ ಮಗ ಇನ್ನೂ ಹುಟ್ಟಿಲ್ಲವೆಂಬ ನೆಪವನ್ನು ಪರಿಗಣಿಸಲಾಗುವುದಿಲ್ಲ.

7. ಅಧಿಕಾರಿಗಳು ಕೆಳಗಿಳಿದು ಸಭಿಕರೊಡನೆ ಕೂರಬಹುದೆಂಬ ಸಲಹೆಯೊಂದು ಬಂದಿದೆ. ಸಲಹೆ ಕೊಟ್ಟವರನ್ನು ಹುಡುಕಲಾಗುತ್ತಿದೆ.

8. ಪೆರಾಬೆಯಲ್ಲಿ ಆದೇಶವಿಲ್ಲದೆ ಮುಚ್ಚಿದ್ದಕ್ಕಾಗಿಯೂ ಜಾಲ್ಸೂರಿನಲ್ಲಿ ಆದೇಶದಂತೆ ತೋರಿಸಿದ್ದಕ್ಕಾಗಿಯೂ ತ್ಯಾಂಪಣ್ಣನ ಅನುಮತಿಯನ್ನು ಕಾಯಂ ಆಗಿ ರದ್ದುಪಡಿಸಲಾಗಿದೆ.

(ಸಹಿ)
ಅಧೀಕ್ಷಕರು
ಮುಖ್ಯಾಧಿಕಾರಿಯವರ ಪರವಾಗಿ
(ಅವರು ವಿಶ್ರಾಂತಿಯಲ್ಲಿರುವುದರಿಂದ)

ಪ್ರತಿಗಳು:
ಪೆರಾಬೆ ಶಾಲೆಯ ಜವಾನನಿಗೆ. ಬೀಗ ಹಾಕುವ ಮೊದಲು ಕುರ್ಚಿಗಳನ್ನು ಮುಟ್ಟಿ ನೋಡುವುದು.
ಶ್ರೀ ತ್ಯಾಂಪಣ್ಣನಿಗೆ. ತಗಡುಗಳನ್ನು ಕಚೇರಿಗೆ ಒಪ್ಪಿಸುವುದು.
ಕುಮಾರಿ ಶಂಕರಿಯವರಿಗೆ. ತ್ಯಾಂಪಣ್ಣ ದೀಪ ಕಟ್ಟದಿದ್ದರೆ ಸುಳ್ಯದಲ್ಲಿ ಕುಣಿಯುವುದಿಲ್ಲವೆಂದು ತಾವೂ ತಮ್ಮ ತಂಡದವರೂ ತಿಳಿಸಿದ್ದನ್ನು ಗಮನಿಸಲಾಗಿದೆ. ಕಾರ್ಯಕ್ರಮ ನಿಗದಿಯಂತೆ ನಡೆಯುವುದು. ಮುಖ್ಯಾಧಿಕಾರಿಯವರು ವೇದಿಕೆಯ ಮೇಲಿರುತ್ತಾರೆ.